ಹಂತಿ ಹಾಡಿನ ಪುಸ್ತಕಕ್ಕೆ ಪ್ರಕಾಶಕರು ಸಿಕ್ಕಿದ್ದು ಹೀಗೆ

ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಾಡಿಗೆ ಕರಾರು, ಜಾತ್ರೆ ಕರಪತ್ರ, ಇವೇ ದಿನದ ಕೆಲಸ. ಇಂಥವನು ಮಕ್ಕಳ ಪುಸ್ತಕ ಹೇಗೆ ಮಾಡಿದ ಅಂತ ಪರಿಚಯದವರು ಕೇಳುತ್ತಾರೆ. ಬರೆದದ್ದು ಒಂದು ವಾರ, ಪ್ರಕಾಶಕರಿಗಾಗಿ ಅಲೆದದ್ದು ಎರಡು ವರ್ಷ. ನಿಮಗೆ ಉಪಯೋಗ ಆಗುವುದು ಆ ಎರಡು ವರ್ಷದ್ದೇ.

ಪುಸ್ತಕದಲ್ಲಿ ಇರುವುದು ಹಂತಿ ಹಾಡು. ಜೋಳದ ತೆನೆಯನ್ನು ಕಣದಲ್ಲಿ ಹರಡಿ, ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತ ತಿರುಗಿಸುತ್ತಿದ್ದರಲ್ಲ, ಆ ಎತ್ತಿನ ಸಾಲೇ ಹಂತಿ. ರಾತ್ರಿಯೆಲ್ಲ ನಡೆಯುವ ಕೆಲಸ. ಎತ್ತಿಗೂ ನಿದ್ದೆ ಬರಬಾರದು, ಮನುಷ್ಯನಿಗೂ ಬರಬಾರದು, ಅದಕ್ಕೇ ಹಾಡು. ಈಗ ರಾಶಿ ಮಷೀನು ಬರುತ್ತದೆ, ಒಂದೆರಡು ತಾಸಿನಲ್ಲಿ ಮುಗಿಸಿ ಮುಂದಿನ ಹೊಲಕ್ಕೆ ಹೋಗುತ್ತದೆ. ನನ್ನ ಕಥೆಯಲ್ಲಿ ಒಬ್ಬಳು ಹುಡುಗಿ ಕಣಿಕೆ ಸಿವುಡಿನ (ಜೋಳದ ದಂಟಿನ ಕಟ್ಟಿನ) ಮೇಲೆ ಮಲಗಿ ಅಜ್ಜನ ಹಾಡು ಕೇಳುತ್ತಿರುತ್ತಾಳೆ. ಹಾಡು ನಿಂತರೆ ಎತ್ತು ನಿಲ್ಲುತ್ತವೆ. ಅಜ್ಜನಿಗೆ ತೂಕಡಿಕೆ ಬಂದಾಗ ಅವಳೇ ಹಾಡಬೇಕಾಗುತ್ತದೆ. ಇಷ್ಟೇ ಕಥೆ.

ಮೊದಲ ತಪ್ಪು, ದುಡ್ಡಿನ ತಪ್ಪು. ಚಿತ್ರ ಇಲ್ಲದೆ ಮಕ್ಕಳ ಪುಸ್ತಕ ಯಾರು ನೋಡುತ್ತಾರೆ ಅಂತ ಪರಿಚಯದ ಹುಡುಗನೊಬ್ಬನಿಂದ ಹದಿನಾಲ್ಕು ಚಿತ್ರ ಬರೆಸಿದೆ. ಹದಿನೆಂಟು ಸಾವಿರ ಹೋಯಿತು. ಆಮೇಲೆ ಗೊತ್ತಾಯಿತು, ಚಿತ್ರಪುಸ್ತಕ ಹಾಕುವ ಪ್ರಕಾಶಕರು ಸಾಮಾನ್ಯವಾಗಿ ಕಥೆಯನ್ನಷ್ಟೇ ನೋಡುತ್ತಾರೆ, ಕಲಾವಿದರನ್ನು ಅವರೇ ಆರಿಸುತ್ತಾರೆ. ನೀವೇ ಚಿತ್ರ ಬರೆಯುವವರಾದರೆ ಬೇರೆ ಮಾತು. ಇಲ್ಲದಿದ್ದರೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಆ ಹದಿನಾಲ್ಕರಲ್ಲಿ ಒಂದೂ ಪುಸ್ತಕಕ್ಕೆ ಬರಲಿಲ್ಲ, ಈಗ ಅಂಗಡಿಯ ಗೋಡೆ ಮೇಲಿವೆ.

ಎರಡನೆಯದು ಹೇಳಿಕೊಳ್ಳೋಕೆ ನಾಚಿಕೆ. ಡಿಟಿಪಿ ಮಾಡುವವನೇ ಆಗಿದ್ದರೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನೇ ಮೂರು ಕಡೆ ಮೇಲ್ ಮಾಡಿದ್ದೆ. ಇಬ್ಬರಿಂದ ಉತ್ತರವೇ ಇಲ್ಲ. ಮೂರನೆಯವರು ಎರಡು ತಿಂಗಳ ಮೇಲೆ, "ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಕಾಣ್ತಿದೆ, ಯೂನಿಕೋಡ್‌ನಲ್ಲಿ ಕಳಿಸಿ" ಅಂದರು. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದೇ ಇಲ್ಲ, ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಎಲ್ಲಾದರೂ ಕೆಟ್ಟಿದೆಯಾ ಅಂತ ಕೂತು ಓದಿ, ಜೊತೆಗೊಂದು ಪಿಡಿಎಫ್ ಇಟ್ಟು ಕಳಿಸಿ.

ನಡುವೆ ಒಬ್ಬರು ತಾವಾಗಿಯೇ ಫೋನ್ ಮಾಡಿದರು. ತುಂಬಾ ಹೊಗಳಿದರು. ಕೊನೆಗೆ ಐನೂರು ಪ್ರತಿಗೆ ಎಪ್ಪತ್ತೈದು ಸಾವಿರ ನೀವು ಕೊಡಿ, ನೂರು ಪ್ರತಿ ನಿಮಗೆ ಅಂದರು. ಗದಗದ ಪ್ರೆಸ್‌ಗಳ ರೇಟು ನನಗೆ ಬಾಯಿಪಾಠ, ಕಾಗದ ಎಷ್ಟು, ಪ್ಲೇಟ್ ಎಷ್ಟು, ಸೆಂಟರ್ ಪಿನ್ ಹೊಡೆಯೋಕೆ ಎಷ್ಟು ಅಂತ ಅಲ್ಲೇ ಲೆಕ್ಕ ಹಾಕಿದೆ. ಅವರು ಹೇಳಿದ್ದರ ಅರ್ಧವೂ ಆಗಲಿಲ್ಲ. ಹಾಗಾದರೆ ನೀವೇ ಹಾಕಿಸಬಹುದಿತ್ತಲ್ವಾ ಅಂತೀರಿ. ಹಾಕಿಸಬಹುದಿತ್ತು. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೂ ನಮ್ಮ ದೇಶದಲ್ಲಿ ದುಡ್ಡು ಕೊಡಬೇಕಿಲ್ಲ, ರಾಜಾರಾಮ ಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಇದೆ, ಲೇಖಕರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಆದರೆ ಅಚ್ಚಾದ ಮೇಲೆ ಸಾವಿರ ಪುಸ್ತಕ ಮಂಚದ ಕೆಳಗೆ ಕೂರುತ್ತವೆ. ನಮ್ಮ ಬೀದಿಯಲ್ಲೇ ಇಬ್ಬರು ಕವಿಗಳ ಮನೆಯಲ್ಲಿ ಕೂತಿವೆ. ಮಾರುವುದು ನನ್ನ ಕೈಲಿ ಆಗದ ಕೆಲಸ, ಅದಕ್ಕೇ ಪ್ರಕಾಶಕರು ಬೇಕಿತ್ತು.

ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಸುಮ್ನೆ ಹಾಕಿಬಿಡು ಅಂತ ಗೆಳೆಯನೊಬ್ಬ ಹೇಳಿದ್ದ. 2015ರಲ್ಲಿ ಶುರುವಾದದ್ದು, ಒಳ್ಳೆಯ ಜಾಗ, ನಾನೂ ಮಗಳಿಗೆ ಅಲ್ಲಿನ ಕಥೆಗಳನ್ನೇ ಓದಿ ಹೇಳಿದ್ದೇನೆ. ಆದರೆ ಅಲ್ಲಿ ಹಾಕಿದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹೋಗುತ್ತದೆ, ಹೆಸರು ಹಾಕಿ ಯಾರು ಬೇಕಾದರೂ ಅನುವಾದ ಮಾಡಬಹುದು, ಅಚ್ಚೂ ಹಾಕಬಹುದು. ಕಥೆ ಜನರಿಗೆ ತಲುಪಿದರೆ ಸಾಕು ಅನ್ನುವವರಿಗೆ ಅದೇ ಸರಿ. ನನಗೆ ಪುಸ್ತಕ ಕೈಯಲ್ಲಿ ಹಿಡಿಯುವ ಆಸೆ ಜಾಸ್ತಿ ಇತ್ತು.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ. ಹಂಪಿ ಎಕ್ಸ್‌ಪ್ರೆಸ್ ನಮ್ಮೂರಿಂದ ನೇರ ಮಂಡ್ಯಕ್ಕೇ ಹೋಗುತ್ತದೆ, ರಾತ್ರಿ ಹತ್ತಿ ಬೆಳಿಗ್ಗೆ ಇಳಿದೆ. ಭಾಷಣ ಒಂದೂ ಕೇಳಲಿಲ್ಲ. ನೇರ ಪುಸ್ತಕ ಮಳಿಗೆಗಳಿಗೆ. ಈ ಸಲ ಬ್ಯಾಗಿನಲ್ಲಿ ಹಸ್ತಪ್ರತಿ ಬದಲು ಒಂದು ಡಮ್ಮಿ ಇತ್ತು. ಎ4 ಹಾಳೆ ಮಡಚಿ, ನಡುವೆ ಪಿನ್ ಹೊಡೆದು, 24 ಪುಟಕ್ಕೆ ಸರಿಯಾಗಿ ಕಥೆ ಹಂಚಿ, ಚಿತ್ರದ ಜಾಗದಲ್ಲಿ "ಇಲ್ಲಿ ಎತ್ತು ನಿಂತಿವೆ" ಅಂತ ಪೆನ್ಸಿಲಿನಲ್ಲಿ ಬರೆದಿದ್ದೆ. ಹಾಡು ಬರುವ ಪುಟಗಳಲ್ಲಿ ಅಕ್ಷರವನ್ನು ಮೇಟಿ ಸುತ್ತ ತಿರುಗುವ ಹಾಗೆ ದುಂಡಗೆ ಕೂರಿಸಿದ್ದೆ. ಓದಬೇಕಾದರೆ ಪುಸ್ತಕವನ್ನೇ ತಿರುಗಿಸಬೇಕು. ಮಳಿಗೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ, ಎರಡು ನಿಮಿಷ ಕೊಟ್ಟರೆ ದೊಡ್ಡದು. ಆ ಎರಡು ನಿಮಿಷದಲ್ಲಿ ಡಮ್ಮಿ ಮಾಡಿದ್ದನ್ನು ನನ್ನ ಹನ್ನೊಂದು ಮೇಲ್ ಮಾಡಿರಲಿಲ್ಲ. ಏಳು ಮಳಿಗೆಗಳಲ್ಲಿ ತೋರಿಸಿದೆ, ನಾಲ್ಕು ಕಡೆ ನಾವು ಮಕ್ಕಳದ್ದು ಮಾಡೋದಿಲ್ಲ ಅಂದರು. ಇದನ್ನು ಮನೆಯಲ್ಲೇ ಅವರ ಪುಸ್ತಕ ಪಟ್ಟಿ ನೋಡಿ ತಿಳಿಯಬಹುದಿತ್ತು.

ಆರನೆಯ ಮಳಿಗೆಯಲ್ಲಿದ್ದ ಮೇಡಂ ನಿಂತೇ ಪುಸ್ತಕ ತಿರುಗಿಸಿ ತಿರುಗಿಸಿ ಓದಿದರು. ಮೊಬೈಲಿನಲ್ಲಿ ಹಾಡು ಕೇಳಿಸಿದೆ. ಕ್ಯೂಆರ್ ಕೋಡ್ ಹಾಕಿದರೆ ಮಕ್ಕಳು ಹಾಡನ್ನೂ ಕೇಳಬಹುದು ಅಂದೆ. ಆಗ ಕೇಳಿದರು, "ಈ ಹಾಡು ಯಾರದು?"

"ಜಾನಪದ ಮೇಡಂ, ಯಾರದೂ ಅಲ್ಲ."

"ಹಾಡ್ತಿರೋರು ಯಾರು?"

"ನಮ್ಮೂರಿನ ಅಜ್ಜ."

"ಅವರಿಗೆ ಗೊತ್ತಾ ಇದು ಪುಸ್ತಕ ಆಗ್ತಿದೆ ಅಂತ?"

ಗೊತ್ತಿರಲಿಲ್ಲ. ಸುಗ್ಗಿಯಲ್ಲಿ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಹಾಡಿಸಿಕೊಂಡಿದ್ದೆ, ಅಷ್ಟೇ. ಎರಡು ವರ್ಷದಲ್ಲಿ ನಾನು ಯೋಚನೆಯನ್ನೇ ಮಾಡದ ಪ್ರಶ್ನೆ ಅದು. ಹಾಡು ಎಲ್ಲರದೂ ಇರಬಹುದು, ಆದರೆ ಆ ರೆಕಾರ್ಡಿಂಗಿನಲ್ಲಿರುವ ದನಿ ಒಬ್ಬರದೇ. 1957ರ ಕಾಪಿರೈಟ್ ಕಾಯ್ದೆಯ ಕಲಂ 38ರಲ್ಲಿ ಹಾಡುವವರಿಗೂ ಅವರ ಹಾಡಿಕೆಯ ಮೇಲೆ ಹಕ್ಕು ಇದೆ, 50 ವರ್ಷ. ಒಪ್ಪಿಗೆ ಪತ್ರ ತಂದರೆ ಮುಂದೆ ಮಾತಾಡೋಣ ಅಂದರು ಮೇಡಂ.

ಬಾಡಿಗೆ ಕರಾರು ದಿನಾ ಟೈಪ್ ಮಾಡುವವನು, ಒಪ್ಪಿಗೆ ಪತ್ರ ನಾನೇ ಮಾಡಿದೆ. ಕನ್ನಡದಲ್ಲೇ, ಒಂದೇ ಪುಟ. ಯಾವ ಹಾಡು, ಯಾವ ದಿನ ಹಾಡಿದ್ದು, ಯಾವ ಪುಸ್ತಕಕ್ಕೆ, ಎಷ್ಟು ಹಣ, ಬೇರೆ ಯಾವುದಕ್ಕಾದರೂ ಬಳಸಬೇಕಾದರೆ ಮತ್ತೆ ಕೇಳಬೇಕು ಅಂತ. ಊರಿಗೆ ಹೋಗಿ ಓದಿ ಹೇಳಿದೆ. ಅಜ್ಜ ಬಿದ್ದು ಬಿದ್ದು ನಕ್ಕರು. "ಹಾಡಿಗೂ ಹೆಬ್ಬೆಟ್ಟು ಒತ್ತಬೇಕೇನೋ ತಮ್ಮಾ? ನಮ್ಮಪ್ಪಗ ಯಾರ್ ಒತ್ತಿಸಿಕೊಂಡಿದ್ರು?" ಆಮೇಲೆ ಕಥೆಯನ್ನೂ ಓದು ಅಂದರು. ಓದುತ್ತಾ ಹೋದೆ. ಪೇಟೆ ಮಕ್ಕಳಿಗೆ ತಿಳಿಯಲಿ ಅಂತ ಒಂದು ಕಡೆ ಮೇಟಿ ಅನ್ನುವುದನ್ನು ಕಂಬ ಅಂತ ಮಾಡಿದ್ದೆ. ಅಲ್ಲಿ ಕೈ ಎತ್ತಿ ನಿಲ್ಲಿಸಿದರು. "ಕಂಬ ಲೈಟಿಂದು. ಕಣದಾಗ ಇರೋದು ಮೇಟಿ. ಗೊತ್ತಿಲ್ಲಂದ್ರ ಆ ಹುಡುಗ್ರು ಕೇಳ್ಲಿ." ಅದನ್ನು ತಿದ್ದಿದ ಮೇಲೆಯೇ ಹೆಬ್ಬೆಟ್ಟು ಬಿತ್ತು. ಮೇಡಂಗೂ ಇದೇ ಮಾತು ಹೇಳಿದೆ, ಕೊನೆಯಲ್ಲಿ ಪದಗಳ ಅರ್ಥ ಕೊಡುವ ಪುಟವನ್ನೂ ತೆಗೆದುಬಿಟ್ಟರು, ಚಿತ್ರದಲ್ಲೇ ತಿಳಿಯುತ್ತೆ ಬಿಡಿ ಅಂತ.

2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಮರುದಿನವೇ ಮೇಡಂ ಫೋನ್, ಅವರು ನಿಮ್ಮ ಕಡೆಯವರೇ ಅಲ್ವಾ ಅಂತ. ಅದೇ ನೆಪದಲ್ಲಿ ನಮ್ಮ ಪುಸ್ತಕದ ಮಾತೂ ಮತ್ತೆ ಶುರುವಾಯಿತು, ಫೆಬ್ರವರಿಯಲ್ಲಿ ಒಪ್ಪಂದ ಬಂತು.

ಒಪ್ಪಂದದ ಲೆಕ್ಕ ಬಿಚ್ಚಿ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ಒಟ್ಟು ಗೌರವಧನ ಮುಖಬೆಲೆಯ ಶೇಕಡಾ 10. ಅದರಲ್ಲಿ ನನಗೆ 4, ಚಿತ್ರ ಬರೆದವರಿಗೆ 4, ಅಜ್ಜನಿಗೆ 2. ಬೆಲೆ 80 ರೂಪಾಯಿ, ಮೊದಲ ಮುದ್ರಣ ಸಾವಿರ ಪ್ರತಿ. ಎಲ್ಲ ಪ್ರತಿ ಮಾರಾಟವಾದರೆ ನನಗೆ 3,200, ಅಜ್ಜನಿಗೆ 1,600. ರೆಕಾರ್ಡಿಂಗಿಗೆ ಅಂತ ಅಜ್ಜನಿಗೆ ಬೇರೆ ಐದು ಸಾವಿರ ಕೊಡಿಸಿದೆ, ಅದನ್ನು ಕೇಳಿಯೇ ಪಡೆಯಬೇಕಾಯಿತು. ನನ್ನ ಹದಿನೆಂಟು ಸಾವಿರ ಈ ಜನ್ಮದಲ್ಲಿ ವಾಪಸ್ ಬರುವುದಿಲ್ಲ. ಹಾಡಿದವರ ಹೆಸರು ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬೇಡ, ಮುಖಪುಟದಲ್ಲೇ ಬರಬೇಕು ಅಂತ ಪಟ್ಟು ಹಿಡಿದೆ. ಅದಕ್ಕೆ ಅವರು ತಕರಾರೇ ಮಾಡಲಿಲ್ಲ.

ಈಗ ಎರಡನೆಯ ಪುಸ್ತಕಕ್ಕೆ ಕೈ ಹಾಕಿದ್ದೇನೆ. ರಾಯಚೂರು ಕಡೆ ಮುದಗಲ್ಲಿನ ಮೊಹರಂ ಹೆಸರುವಾಸಿ, ಅಲ್ಲಿ ಹಾಡುವ ಮೊಹರಂ ಪದಗಳ ಸುತ್ತ ಒಂದು ಕಥೆ. ಈ ಸಲ ಕಥೆಗಿಂತ ಮೊದಲು ಒಪ್ಪಿಗೆ ಪತ್ರ ಟೈಪ್ ಮಾಡಿಕೊಂಡು ಹೋದೆ. ಒಂದೇ ಪದವನ್ನು ಎರಡು ಮೇಳದವರು ಹಾಡುತ್ತಾರೆ, ಎರಡೂ ಕಡೆಯವರು ಇದು ನಮ್ಮ ಹಿರಿಯರು ಕಟ್ಟಿದ್ದು ಅಂತಾರೆ. ಎರಡು ಪ್ರತಿ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಮುಂದಿನ ಭಾನುವಾರ ಮತ್ತೆ ಹೋಗಬೇಕು.