ಹಳಿಯಾಳ, ಮುಂಡಗೋಡದ ಕಾಡಿನಲ್ಲಿ ಚಿಕ್ಕ ಗೂಬೆಗಳನ್ನು ಗುರುತಿಸುವ ಬಗೆ

ಅಳಿವಿನಂಚಿನಲ್ಲಿರುವ ಫಾರೆಸ್ಟ್ ಔಲೆಟ್ ಮಧ್ಯಭಾರತದ ಎಲೆಯುದುರುವ ಒಣಕಾಡುಗಳ ಚಿಕ್ಕ ಗೂಬೆ. 1884ರ ನಂತರ ಕಣ್ಮರೆಯಾಗಿದ್ದ ಅದು 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಮತ್ತೆ ಪತ್ತೆಯಾಯಿತು. ಶಹಾದಾ ಸೇರಿದ ಖಾನದೇಶದಲ್ಲಿ ಅದರ ಮಾದರಿಗಳನ್ನು ಸಂಗ್ರಹಿಸಿದ್ದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಡೇವಿಡ್ಸನ್ ಮುಂದೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಲೆಕ್ಟರರಾಗಿ ಇಲ್ಲಿನ ಹಕ್ಕಿಗಳ ಬಗ್ಗೆಯೂ ಬರೆದರು. ಅದರ ನೆಲೆಗಳೆಲ್ಲ ನಮಗೆ ಉತ್ತರದಲ್ಲಿ ಬಹುದೂರವಿರುವುದರಿಂದ, ಇಲ್ಲಿ ಕಂಡ ಚಿಕ್ಕ ಗೂಬೆಗೆ ಆ ಹೆಸರು ಕೊಡುವ ಮುನ್ನ ಅದರ ಮೈಯನ್ನು ಸಾವಧಾನವಾಗಿ ಓದುವುದು ಅಗತ್ಯ.

ಹುಡುಕಾಟಕ್ಕೆ ಫೆಬ್ರವರಿ, ಮಾರ್ಚ್ ತಿಂಗಳ ಬೆಳಗಿನ ಹೊತ್ತು ಒಳ್ಳೆಯದು. ಸಾಗವಾನಿ ಎಲೆ ಉದುರಿಸಿ ನಿಂತಿರುವುದರಿಂದ ಕೊಂಬೆಯ ಮೇಲೆ ಕುಳಿತ ಹಕ್ಕಿ ಮರೆಯಾಗುವುದಿಲ್ಲ. ಪಿಕಳಾರಗಳೂ ಸೂರಕ್ಕಿಗಳೂ ಒಂದೇ ಮರಕ್ಕೆ ಮುತ್ತಿ ಕಿರುಚುತ್ತಿದ್ದರೆ ಅಲ್ಲಿಯೇ ನಿಂತು ಬೈನಾಕ್ಯುಲರ್ ಎತ್ತಿ. ಗೂಬೆಯ ಸುಳಿವನ್ನು ಅವು ನಮಗಿಂತ ಮೊದಲು ಹಿಡಿಯುತ್ತವೆ.

ಮೊದಲು ನೆತ್ತಿಯನ್ನು ನೋಡಿ. ನೆತ್ತಿ ಮತ್ತು ಬೆನ್ನಿನ ತುಂಬ ಬಿಳಿ ಚುಕ್ಕೆಗಳಿದ್ದರೆ ಅದು ಊರಂಚಿನ ಮಾವು, ಆಲದ ಪೊಟರೆಗಳಲ್ಲಿಯೂ ವಾಸಿಸುವ ಹಾಲಕ್ಕಿ ಎಂಬ ಚಿಕ್ಕ ಗೂಬೆ (ಸ್ಪಾಟೆಡ್ ಔಲೆಟ್). ತಲೆಯಿಂದ ಹೊಟ್ಟೆಯವರೆಗೆ ಒತ್ತಾದ ಅಡ್ಡಪಟ್ಟೆಗಳಿದ್ದರೆ ಅದು ಜಂಗಲ್ ಔಲೆಟ್. ಶಿರಸಿ, ಕಾರವಾರದ ಕಡೆಯ ಕಾಡುಗಳಲ್ಲಿಯೂ ಇದೆ. ಫಾರೆಸ್ಟ್ ಔಲೆಟ್ಟಿನ ನೆತ್ತಿಯಲ್ಲಿ ಚುಕ್ಕೆಗಳು ಇಲ್ಲವೆನ್ನುವಷ್ಟು ಮಸುಕು. ಎದೆ ಬಹುತೇಕ ಒಂದೇ ಕಂದು, ಪಕ್ಕೆಯಲ್ಲಿ ಪಟ್ಟೆ, ಹೊಟ್ಟೆಯ ಕೆಳಭಾಗ ಕಲೆಯಿಲ್ಲದ ಬಿಳಿ, ಬಾಲದಲ್ಲಿ ಅಗಲವಾದ ಬಿಳಿ ಪಟ್ಟಿಗಳು. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಎದೆಯೇ, ಏಕೆಂದರೆ ಬೆಳಕು ಎದುರಿನಿಂದ ಬಂದಾಗ ನೆತ್ತಿಯ ಚುಕ್ಕೆಗಳು ಕಣ್ಣಿಗೆ ಕಾಣದೆ ಹೋಗಬಹುದು. ಹಗಲಿನಲ್ಲಿ ಬೇಟೆಯಾಡಿತೆಂಬ ಒಂದೇ ಕಾರಣಕ್ಕೆ ಅದು ಫಾರೆಸ್ಟ್ ಔಲೆಟ್ ಎಂಬ ತೀರ್ಮಾನಕ್ಕೆ ಬರಬೇಡಿ. ಜಂಗಲ್ ಔಲೆಟ್ ಕೂಡ ಹಗಲಿನಲ್ಲಿ ಹಾರಾಡುತ್ತದೆ, ಕೂಗುತ್ತದೆ.

ಕಂಡದ್ದನ್ನು ಪುಸ್ತಕ ತೆರೆಯುವ ಮೊದಲೇ ಬರೆದಿಡಿ: ಸ್ಥಳ, ಹೊತ್ತು, ಮರದ ಜಾತಿ, ಎದೆಯ ಗುರುತು. ಸಾಧ್ಯವಾದರೆ ಎದೆಯೂ ಹೊಟ್ಟೆಯೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಮೊಬೈಲಿನಲ್ಲಿ ಕೂಗನ್ನು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವುದನ್ನು ದಯವಿಟ್ಟು ಮಾಡಬೇಡಿ, ಏಕೆಂದರೆ ಮರಿಗಳನ್ನು ಸಾಕುವ ಕಾಲದಲ್ಲಿ ಅದು ಪೊಟರೆಯನ್ನು ಬಿಟ್ಟು, ಇಲ್ಲದ ಎದುರಾಳಿಯನ್ನು ಹುಡುಕುತ್ತ ಅಲೆಯುತ್ತದೆ. ಗೂಡಿರುವ ಪೊಟರೆಯ ಜಾಗವನ್ನು ಎಲ್ಲಿಯೂ ಪ್ರಕಟಿಸದಿರಿ. ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿಯುವವರು ಇಂದಿಗೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ದೀಪಾವಳಿಯ ಆಸುಪಾಸಿನಲ್ಲಿ ಅಂಥ ಸುಳಿವು ಸಿಕ್ಕರೆ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ತಿಳಿಸಿ.