ಜಿಕೆ ಪರ್ಸಿಯ 351 ಸೆಕೆಂಡಿನ ಮಿಡಿತ ಹುಡುಕಿದ್ದು ಹೀಗೆ

ಜಿಕೆ ಪರ್ಸಿ 1901ರಲ್ಲಿ ನೋವಾ ಆಗಿ, ಅಂದರೆ ಇದ್ದಕ್ಕಿದ್ದಂತೆ ಬಹಳ ಹೊಳಪೇರಿ, ಸಿಡಿದ ಜೋಡಿ ನಕ್ಷತ್ರ. ಇದರಲ್ಲಿರುವ ಶ್ವೇತ ಕುಬ್ಜ (ಸತ್ತ ನಕ್ಷತ್ರದ ದಟ್ಟವಾದ ತಿರುಳು) ತನ್ನ ಸಂಗಾತಿಯಿಂದ ಅನಿಲ ಎಳೆದುಕೊಳ್ಳುತ್ತದೆ. ಅದರ ಕಾಂತಕ್ಷೇತ್ರ ಆ ಅನಿಲವನ್ನು ಧ್ರುವಗಳತ್ತ ತಿರುಗಿಸುತ್ತದೆ. ಅಲ್ಲಿ ರಭಸವಾಗಿ ಬಿದ್ದು ಕಾದ ಅನಿಲದಿಂದ ಎಕ್ಸ್-ರೇ ಹೊಮ್ಮುತ್ತದೆ. ಕುಬ್ಜ ತನ್ನ ಸುತ್ತ ಒಮ್ಮೆ ತಿರುಗುವುದಕ್ಕೆ 351 ಸೆಕೆಂಡ್ ಸಾಕು. ಹಾಗೆ ತಿರುಗುವಾಗ ಎಕ್ಸ್-ರೇಯೂ ಅದೇ ಲಯದಲ್ಲಿ ಏರಿಳಿಯುತ್ತದೆ. ಎಕ್ಸೋಸ್ಯಾಟ್ ಉಪಗ್ರಹ ಈ ಮಿಡಿತವನ್ನು ಹಿಡಿದದ್ದು 1983ರ ಉಬ್ಬರದಲ್ಲಿ, ಅಂದರೆ ನಕ್ಷತ್ರ ಕೆಲಕಾಲ ಹೆಚ್ಚು ಹೊಳೆದಾಗ. ನಾನು ಕೈಗೆತ್ತಿಕೊಂಡದ್ದು 2015ರ ಉಬ್ಬರದಲ್ಲಿ ನಾಸಾದ ಎಕ್ಸ್-ರೇ ಉಪಗ್ರಹ ನ್ಯೂಸ್ಟಾರ್ ಕಲೆಹಾಕಿದ ಡೇಟಾ. ನಾಸಾ ಆರ್ಕೈವ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಮೊದಲು ಸಮಯ ಸರಿಪಡಿಸಿದೆ. ಭೂಮಿ ದಿನಕ್ಕೆ ಸುಮಾರು 26 ಲಕ್ಷ ಕಿಲೋಮೀಟರ್ ಓಡುತ್ತದೆ. ಇದರಿಂದ ಫೋಟಾನ್ (ಬೆಳಕಿನ ಕಣ) ಬಂದು ತಲುಪುವ ಹೊತ್ತು ದಿನಕ್ಕೆ ಎಂಟು ಸೆಕೆಂಡಿನವರೆಗೂ ಜರುಗಬಹುದು. ಬ್ಯಾರಿಕಾರ್ ಅನ್ನುವ ಪ್ರೋಗ್ರಾಂ ಪ್ರತಿ ಫೋಟಾನಿನ ಹೊತ್ತನ್ನು ಸೌರಮಂಡಲದ ದ್ರವ್ಯಕೇಂದ್ರಕ್ಕೆ ಹೊಂದಿಸಿ ಕೊಡುತ್ತದೆ. ಆಮೇಲೆ ಹತ್ತು ಸೆಕೆಂಡಿಗೊಂದು ಬಿಂದುವಿನಂತೆ ಲೈಟ್ ಕರ್ವ್, ಅಂದರೆ ಹೊಳಪು ಹೊತ್ತಿನ ಜೊತೆ ಹೇಗೆ ಬದಲಾಯಿತು ಅನ್ನುವ ನಕ್ಷೆ, ಮಾಡಿಕೊಂಡೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ನ್ಯೂಸ್ಟಾರ್ ಭೂಮಿಯನ್ನು ಸುತ್ತುವುದಕ್ಕೆ ಸುಮಾರು 97 ನಿಮಿಷ, ಅಂದರೆ 5800 ಸೆಕೆಂಡ್ ಬೇಕು. ಪ್ರತಿ ಸುತ್ತಿನಲ್ಲೂ ಭೂಮಿ ಅಡ್ಡ ಬಂದು ಡೇಟಾ ನಿಲ್ಲುತ್ತದೆ. ಜಿಕೆ ಪರ್ಸಿಯಲ್ಲೋ, ಸುಮಾರು 5000 ಸೆಕೆಂಡಿನ ಇನ್ನೊಂದು ಏರಿಳಿತವೂ ಇದೆ. ಅದು ಗಡಿಯಾರದಷ್ಟು ಕರಾರುವಾಕ್ಕಲ್ಲ. ಎರಡೂ ಎಷ್ಟು ಹತ್ತಿರ, ಅಲ್ವಾ? ಪವರ್ ಸ್ಪೆಕ್ಟ್ರಮ್ಮಿನಲ್ಲಿ (ಯಾವ ಅವಧಿಯ ಏರಿಳಿತ ಎಷ್ಟು ಬಲವಾಗಿದೆ ಅಂತ ತೋರಿಸುವ ನಕ್ಷೆ) ಅಲ್ಲೊಂದು ಶಿಖರ ಕಂಡರೆ ಅದು ನಕ್ಷತ್ರದ್ದೋ ಉಪಗ್ರಹದ್ದೋ ಅಂತ ಕೇಳಲೇಬೇಕು.

ಇದರ ಮೇಲೆ ಮಿನುಗು ಬೇರೆ. ಅನಿಲ ಒಂದೇ ಸಮನೆ ಸುರಿಯುವುದಿಲ್ಲ, ಹಾಗಾಗಿ ಹೊಳಪು ಕ್ರಮವಿಲ್ಲದೆ ಏರಿಳಿಯುತ್ತದೆ. ನಿಧಾನದ ಏರಿಳಿತ ದೊಡ್ಡದು, ವೇಗದ್ದು ಚಿಕ್ಕದು. ಇಂಥ ಗದ್ದಲದಲ್ಲಿ ಮೂರ್ನಾಲ್ಕು ಅಲೆಗಳು ಸುಮ್ನೆ ಸಾಲಾಗಿ ಬಂದರೂ ಅವಧಿ ಸಿಕ್ಕಂತೆ ಕಾಣುತ್ತದೆ. ಅದಕ್ಕೇ ಕಂಪ್ಯೂಟರಿನಲ್ಲಿ ಅಂಥದ್ದೇ ಮಿನುಗಿನ ಸಾವಿರಾರು ನಕಲಿ ಲೈಟ್ ಕರ್ವ್ ಹುಟ್ಟಿಸಿದೆ. ಪ್ರತಿಯೊಂದರಲ್ಲೂ ಉಪಗ್ರಹದ ಅದೇ ಬಿಡುವುಗಳನ್ನು ಕತ್ತರಿಸಿ, ಅದೇ ಲೆಕ್ಕಕ್ಕೆ ಹಾಕಿದೆ. 5000 ಸೆಕೆಂಡಿನ ಸುತ್ತಮುತ್ತ ನಕಲಿಗಳಲ್ಲೂ ಎತ್ತರದ ಶಿಖರಗಳು ಬಂದವು. 351ರ ಹತ್ತಿರ ನಿಜವಾದ ಡೇಟಾದ ಶಿಖರಕ್ಕೆ ಯಾವ ನಕಲಿಯೂ ಸಾಟಿ ಬರಲಿಲ್ಲ. ಸಾಫ್ಟ್‌ವೇರ್ ಕೊಡುವ ಸಂಭವನೀಯತೆಯ ಅಂಕಿಗಿಂತ ಈ ಪರೀಕ್ಷೆಯ ಮೇಲೆ ನನಗೆ ಜಾಸ್ತಿ ನಂಬಿಕೆ.

ಕೊನೆಗೆ ಇಡೀ ಡೇಟಾವನ್ನು 351 ಸೆಕೆಂಡಿನ ತುಂಡುಗಳಾಗಿ ಒಂದರ ಮೇಲೊಂದು ಮಡಿಚಿ, 10 ಕೆಇವಿಗಿಂತ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್-ರೇ ಶಕ್ತಿಯ ಅಳತೆ) ಕೆಳಗಿನದನ್ನೂ ಮೇಲಿನದನ್ನೂ ಬೇರೆ ಬೇರೆ ನೋಡಿದೆ. ಮೇಲಿನದರಲ್ಲೂ ಮಿಡಿತ ಉಳಿದಿತ್ತು. ಅಷ್ಟು ಶಕ್ತಿಯ ಎಕ್ಸ್-ರೇಯನ್ನು ತೆಳುವಾದ ಅನಿಲದ ಪರದೆ ತಡೆಯಲಾರದು. ಒಂದೋ ಪರದೆ ಬಹಳ ದಟ್ಟವಾಗಿರಬೇಕು, ಇಲ್ಲವೇ ಕುಬ್ಜ ತಿರುಗುವಾಗ ಹೊಳೆಯುವ ಜಾಗವೇ ಕುಬ್ಜದ ಹಿಂದೆ ಮರೆಯಾಗಬೇಕು.