ಮಳೆಯ ಸೆಂಟ್ ಲೆಕ್ಕ ಬರೆದು ಕಾಫಿಪುಡಿ ಮಾರಿದ್ದು

ಮೊದಲಿಗೆ ಲೆಕ್ಕವನ್ನೇ ಹೇಳಿಬಿಡುತ್ತೇನೆ, ಕೇಳುವವರೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. 2018ರಲ್ಲಿ ನಾನು ತಿಂಗಳಿಗೆ ಎಂಟು ಹತ್ತು ಕೆ.ಜಿ. ಕಾಫಿಪುಡಿ ಮಾರುತ್ತಿದ್ದೆ. ಅದರಲ್ಲಿ ಅರ್ಧ ನೆಂಟರಿಗೆ, ನೆಂಟರಲ್ಲಿ ಅರ್ಧ ಜನ ಸಾಲ. ಈಗ ತಿಂಗಳಿಗೆ ಸುಮಾರು ನೂರ ಇಪ್ಪತ್ತು ಕೆ.ಜಿ. ಹೋಗುತ್ತದೆ. ಮಳೆಗಾಲದಲ್ಲಿ ನೂರೈವತ್ತು ಮುಟ್ಟಿದ್ದೂ ಉಂಟು. ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವುದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ಆರು ಎಕರೆ ತೋಟ, ಶೆಡ್ಡಿನಲ್ಲಿ ಸೆಕೆಂಡ್‌ಹ್ಯಾಂಡ್ ಹುರಿಯುವ ಯಂತ್ರ, ಮತ್ತು ಬೆಳಿಗ್ಗೆ ಆರೂ ಮುಕ್ಕಾಲಿಗೆ, ಈಗ ಎಕ್ಸ್ ಎಂದು ಕರೆಯುವ ಟ್ವಿಟರ್‌ನಲ್ಲಿ ಬರೆಯುವ ಒಂದು ಸಾಲು. ಆ ಸಾಲಿನಲ್ಲಿ ಕಾಫಿಪುಡಿಯ ಸುದ್ದಿಯೇ ಇರುವುದಿಲ್ಲ. ಹಿಂದಿನ ದಿನ ಎಷ್ಟು ಇಂಚು, ಎಷ್ಟು ಸೆಂಟ್ ಮಳೆ ಬಿತ್ತು ಎಂದಿರುತ್ತದೆ, ಅಷ್ಟೆ. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ.

ಇದು ನಡೆಯುವುದಿಲ್ಲ ಎಂದವರು ಮೂರು ಜನ. ನಮ್ಮ ಯಜಮಾನರು ಬಾಯಿಬಿಟ್ಟು ಹೇಳಲಿಲ್ಲ, ನಕ್ಕರು. ಪೇಟೆಯಲ್ಲಿ ಮೂವತ್ತು ವರ್ಷದಿಂದ ಪುಡಿ ಮಾರುವ ಒಬ್ಬರು, "ಪುಡಿಯ ವಾಸನೆ ಮೊಬೈಲಿನಲ್ಲಿ ಬರುತ್ತದೆಯೇನಮ್ಮಾ?" ಎಂದರು. ಮಾತು ಸರಿಯಾಗಿಯೇ ಇತ್ತು. ಮೂರನೆಯವರು ನಮ್ಮ ಮಾವ. ಅವರ ವಿಷಯ ಮುಂದೆ ಬರುತ್ತದೆ, ಏಕೆಂದರೆ ಈಗ ಅವರಿಗೂ ಒಂದು ಖಾತೆಯಿದೆ.

ಶುರುವಿನಲ್ಲಿ ನಾನು ದೊಡ್ಡವರ ಹಿಂದೆ ಬಿದ್ದೆ. ತಲೆಯಲ್ಲಿದ್ದದ್ದೆಲ್ಲ ದೊಡ್ಡವರ ಕತೆಗಳೇ. 2009ರ ಏಪ್ರಿಲ್‌ನಲ್ಲಿ ಅಮೆರಿಕದ ನಟ ಆಷ್ಟನ್ ಕಚರ್ ಸಿಎನ್ಎನ್ ಸುದ್ದಿವಾಹಿನಿಯ ಜೊತೆ ಪಂದ್ಯ ಕಟ್ಟಿ, ಅದಕ್ಕಿಂತ ಮೊದಲು ಟ್ವಿಟರ್‌ನಲ್ಲಿ ಹತ್ತು ಲಕ್ಷ ಹಿಂಬಾಲಕರನ್ನು ಸೇರಿಸಿಕೊಂಡ. ಒಬ್ಬ ನಟ ಮೊಬೈಲ್ ಹಿಡಿದು ಒಂದು ವಾಹಿನಿಯನ್ನೇ ಸೋಲಿಸಿದ. ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವೆಯಾಗಿದ್ದಾಗ ಪಾಸ್‌ಪೋರ್ಟ್ ಕಳೆದುಕೊಂಡವರಿಗೆಲ್ಲ ಅಲ್ಲಿಯೇ ಉತ್ತರ ಕೊಡುತ್ತಿದ್ದರು. ಮಂಗಳ ಗ್ರಹದಲ್ಲಿ ಸಿಕ್ಕಿಕೊಂಡರೂ ಅಲ್ಲಿನ ನಮ್ಮ ರಾಯಭಾರ ಕಚೇರಿ ನೆರವಿಗೆ ಬರುತ್ತದೆ ಎಂದು 2017ರಲ್ಲಿ ಅವರು ತಮಾಷೆ ಮಾಡಿದ್ದು ನೆನಪಿರಬಹುದು. ಸಚಿವೆಯೇ ಉತ್ತರಿಸುವ ಜಾಗದಲ್ಲಿ ಒಬ್ಬ ನಟ ನನ್ನ ಪುಡಿಯನ್ನು ಹೊಗಳಲಾರನೇ ಎಂದುಕೊಂಡೆ.

ಕಾಲು ಕೆ.ಜಿ.ಯ ಪೊಟ್ಟಣಗಳನ್ನು ಸೆಣಬಿನ ಚೀಲದಲ್ಲಿ ಹಾಕಿ, ಜೊತೆಗೆ ಒಂದು ಮುಷ್ಟಿ ಕಾಳುಮೆಣಸಿಟ್ಟು, ಇಪ್ಪತ್ತೆರಡು ಜನ ನಟ ನಟಿಯರಿಗೆ, ಕ್ರಿಕೆಟ್ ಆಟಗಾರರಿಗೆ ಕಳುಹಿಸಿದೆ. ಚೀಲ, ಪುಡಿ, ಅಂಚೆ ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಮೂರು ವಾಪಸು ಬಂದವು. ಒಬ್ಬರ ಮನೆಯ ಕಾವಲುಗಾರ ಫೋನ್ ಮಾಡಿ, "ಅಕ್ಕಾ, ಪುಡಿ ಬಹಳ ಚೆನ್ನಾಗಿತ್ತು, ಇನ್ನೊಂದು ಚೀಲ ಕಳುಹಿಸುತ್ತೀರಾ?" ಎಂದು ಕೇಳಿದ. ಕಳುಹಿಸಿದೆ. ಆ ಹದಿನಾಲ್ಕು ಸಾವಿರಕ್ಕೆ ಹುಟ್ಟಿದ ಗಿರಾಕಿ ಅವನೊಬ್ಬನೇ, ಈಗ ದುಡ್ಡು ಕೊಟ್ಟೇ ತರಿಸುತ್ತಾನೆ. ಇನ್ನೊಬ್ಬರ ವ್ಯವಹಾರ ನೋಡುವವರು, ಒಂದು ಸಾಲು ಬರೆಸಬೇಕಾದರೆ ಅರವತ್ತು ಸಾವಿರ ಎಂದರು. ಆ ವರ್ಷ ನಾನು ಪುಡಿಯಲ್ಲಿ ಅಷ್ಟು ಮಾರಿಯೇ ಇರಲಿಲ್ಲ.

ಇಷ್ಟಕ್ಕೆ ಬುದ್ಧಿ ಬರಲಿಲ್ಲ. ಪ್ರಚಾರ ಮಾಡಿಕೊಡುತ್ತೇನೆಂದ ಒಬ್ಬನಿಗೆ ಹದಿನೆಂಟು ಸಾವಿರ ಕೊಟ್ಟೆ. ಒಂದೇ ವಾರದಲ್ಲಿ ಐದು ಸಾವಿರ ಹಿಂಬಾಲಕರು ಬಂದರು. ಯಾರಿಗೂ ಮುಖವಿಲ್ಲ, ಹೆಸರಿನ ತುದಿಯಲ್ಲಿ ಎಂಟೆಂಟು ಅಂಕಿ. ಸಂತೆಗೆ ಬೆದರುಗೊಂಬೆಗಳನ್ನು ತಂದು ನಿಲ್ಲಿಸಿದ ಹಾಗಾಯಿತು. ಕಾಲು ಕೆ.ಜಿ. ಕೂಡ ಹೆಚ್ಚು ಹೋಗಲಿಲ್ಲ. ಆ ಖಾತೆಯನ್ನೇ ಅಳಿಸಿ ಹೊಸದಾಗಿ ಸೊನ್ನೆಯಿಂದ ಶುರು ಮಾಡಿದೆ. ಯಜಮಾನರಿಗೆ ಈ ಹದಿನೆಂಟು ಸಾವಿರದ ವಿಷಯ ಇದನ್ನು ಓದಿದಾಗಲೇ ತಿಳಿಯುವುದು.

ತಿರುವು ಸಿಕ್ಕಿದ್ದು 2019ರ ಆಗಸ್ಟ್‌ನಲ್ಲಿ. ಆ ಮಳೆಯನ್ನು ನಮ್ಮ ಕಡೆಯವರಿಗೆ ವರ್ಣಿಸಬೇಕಾಗಿಲ್ಲ. ಮೂಡಿಗೆರೆ ಕಡೆ ಗುಡ್ಡಗಳು ಜಾರಿದವು, ಚಾರ್ಮಾಡಿ ಘಾಟಿ ಮುಚ್ಚಿತು, ಕರೆಂಟು ಹೋದದ್ದು ದಿನಗಟ್ಟಲೆ ಬರಲಿಲ್ಲ. ಮಾವ ಎಂದಿನಂತೆ ಬೆಳಿಗ್ಗೆ ಮಳೆಮಾಪಕ ನೋಡಿ ತಮ್ಮ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲದೆ, ಪಿಕಪ್ ವಾಹನದ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡಿಕೊಂಡು, ಮನೆಯ ಹಿಂದಿನ ದಿಣ್ಣೆ ಹತ್ತಿದರೆ ಸಿಗುವ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಅದನ್ನೇ ಬರೆದು ಹಾಕಿದೆ: "ಆಲ್ದೂರು ಪಕ್ಕ, ನಿನ್ನೆ 7 ಇಂಚು 40 ಸೆಂಟ್. ಕರೆಂಟಿಲ್ಲ. ನಿಮ್ಮ ಕಡೆ ಎಷ್ಟು?" ಒಟ್ಟು ನನ್ನ ಹಿಂಬಾಲಕರು ಆಗ ಇನ್ನೂರೈವತ್ತೋ ಮುನ್ನೂರೋ. ಸಂಜೆ ಮತ್ತೆ ದಿಣ್ಣೆ ಹತ್ತಿದಾಗ ನೂರಕ್ಕೂ ಹೆಚ್ಚು ಉತ್ತರಗಳು ಕಾದಿದ್ದವು. ಕೊಪ್ಪದಿಂದ, ಬಸರಿಕಟ್ಟೆಯಿಂದ, ಕೊಟ್ಟಿಗೆಹಾರದಿಂದ, ಸಕಲೇಶಪುರದಿಂದ. ಬೆಂಗಳೂರಿನಲ್ಲಿ ಕುಳಿತ ಮಕ್ಕಳು, ಊರಿನಲ್ಲಿ ಅಪ್ಪ ಅಮ್ಮ ಫೋನಿಗೆ ಸಿಗುತ್ತಿಲ್ಲ, ಬಾಳೆಹೊನ್ನೂರು ರಸ್ತೆ ಹೇಗಿದೆ ಎಂದು ಕೇಳುತ್ತಿದ್ದರು. ಗೊತ್ತಿದ್ದವರು ಗೊತ್ತಿದ್ದಷ್ಟನ್ನು ಹೇಳುತ್ತಿದ್ದರು. ಆ ತಿಂಗಳು ಮುಗಿಯುವ ಹೊತ್ತಿಗೆ ನಾಲ್ಕು ಸಾವಿರ ಜನ ಆಗಿದ್ದರು, ಎಲ್ಲರಿಗೂ ಮುಖವಿತ್ತು.

ಮಲೆನಾಡಿನಲ್ಲಿ ಇಬ್ಬರು ಪ್ಲಾಂಟರುಗಳು ಎದುರಾದರೆ ಆರೋಗ್ಯ ವಿಚಾರಿಸುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಎನ್ನುತ್ತಾರೆ. ಕೇಳುವುದು ನೆಪ. ಎದುರಿನವನು ಮೂವತ್ತು ಎಂದರೆ ತನ್ನಲ್ಲಿ ಎಂಬತ್ತು ಬಿತ್ತೆಂದು ಹೇಳಬೇಕು. ನಾನು ಒಂದೂವರೆ ವರ್ಷ ಪುಡಿಯ ಗುಣಗಾನ ಮಾಡಿದ್ದೆ, ಯಾರಿಗೂ ಬಾಯಿ ತೆರೆಯಲು ಜಾಗವೇ ಬಿಟ್ಟಿರಲಿಲ್ಲ. ಜನ ಅಲ್ಲಿಗೆ ಬರುವುದು ಕೇಳಲಿಕ್ಕಲ್ಲ, ಹೇಳಲಿಕ್ಕೆ. ಇದೇ ನನ್ನ ವಿಧಾನ, ಉಳಿದದ್ದೆಲ್ಲ ಅದರ ಬಾಲಂಗೋಚಿ.

ದೊಡ್ಡವರೂ ಅಷ್ಟೆ. ಮೊದಲೆಲ್ಲ ಒಬ್ಬ ನಟ ಜನಕ್ಕೆ ಏನಾದರೂ ಹೇಳಬೇಕಾದರೆ ಪತ್ರಕರ್ತರನ್ನು ಕರೆಸಬೇಕು, ಹೇಳಿದ್ದು ಅಚ್ಚಾಗುವಾಗ ಬೇರೆಯೇ ಆಗಿರುತ್ತಿತ್ತು. ಈಗ ನಡುವೆ ಯಾರೂ ಇಲ್ಲ. ನಡುವೆ ಯಾರೂ ಇಲ್ಲದಿದ್ದರೆ ಕೈ ಹಿಡಿದು ತಡೆಯುವವರೂ ಇರುವುದಿಲ್ಲ. ಶಶಿ ತರೂರ್ 2009ರಲ್ಲಿ ವಿಮಾನದ ಅಗ್ಗದ ದರ್ಜೆಯನ್ನು ದನಗಳ ದರ್ಜೆ ಎಂದು ತಮಾಷೆಗೆ ಬರೆದು ಕೊನೆಗೆ ಕ್ಷಮೆ ಕೇಳಬೇಕಾಯಿತು. ಆದರೂ ಅವರು ಬರೆಯುವುದನ್ನು ಬಿಡಲಿಲ್ಲ. ರುಚಿ ಹತ್ತಿದವರು ಬಿಡುವುದಿಲ್ಲ.

ಅಮಿತಾಭ್ ಬಚ್ಚನ್ ಅವರಿಂದ ನಾನು ಒಂದನ್ನು ಕದ್ದಿದ್ದೇನೆ. ಅವರು ತಮ್ಮ ಟ್ವೀಟುಗಳಿಗೆ 'ಟಿ' ಎಂದು ಬರೆದು ಕ್ರಮಸಂಖ್ಯೆ ಹಾಕುತ್ತಾರೆ. ನಾನು 'ಮ' ಎಂದು ಹಾಕತೊಡಗಿದೆ: ಮ 1, ಮ 2. ಇದರ ಲಾಭ ನಾನು ಜ್ವರ ಬಂದು ಎರಡು ದಿನ ಬರೆಯದಿದ್ದಾಗ ತಿಳಿಯಿತು. "ಮ 213 ಎಲ್ಲಿ?" ಎಂದು ಹನ್ನೊಂದು ಜನ ಕೇಳಿದರು. ಜಾಹೀರಾತು ಬರಲಿಲ್ಲ ಎಂದು ಯಾರಾದರೂ ವಿಚಾರಿಸಿಕೊಂಡು ಬಂದದ್ದನ್ನು ನೋಡಿದ್ದೀರಾ?

ಒಂದು ಟ್ವೀಟಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂಬ ಲೆಕ್ಕ ನಿಮಗೆ ಗೊತ್ತಿರಬಹುದು. ಮೊದಲು 140 ಇತ್ತು, ಎಸ್ಎಂಎಸ್‌ನ 160ರಲ್ಲಿ ಹೆಸರಿಗೆ 20 ಬಿಟ್ಟು ಉಳಿದದ್ದು. 2017ರ ನವೆಂಬರ್‌ನಲ್ಲಿ 280 ಆಯಿತು. ಕನ್ನಡದಲ್ಲಿ ಬರೆಯುವವರಿಗೆ ಅದೂ ಬೇಗ ಮುಗಿಯುತ್ತದೆ, ಏಕೆಂದರೆ ಯಂತ್ರ ಗುಣಿತವನ್ನೂ ಒತ್ತನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. 'ಚಿಕ್ಕಮಗಳೂರು' ಕಣ್ಣಿಗೆ ಆರು ಅಕ್ಷರ, ಯಂತ್ರಕ್ಕೆ ಹನ್ನೊಂದು. ನನಗಂತೂ ಇದರಿಂದ ಉಪಕಾರವೇ ಆಯಿತು, ಬರೆದದ್ದು ತಾನಾಗಿ ಸಣ್ಣದಾಯಿತು.

ನಡುನಡುವೆ ಪ್ರಯೋಗಗಳು ನಡೆಯುತ್ತಲೇ ಇದ್ದವು. ಒಂದು ತಿಂಗಳು ಇಂಗ್ಲಿಷಿನಲ್ಲಿ ಬರೆದು ನೋಡಿದೆ. ಹೊಸಬರು ಬಂದರು, ಮಳೆ ಹೇಳುವವರು ಮೌನವಾದರು, ಬಿಟ್ಟೆ. ಹೂಮಳೆಯಾಗಿ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಕಾಫಿ ಹೂವಿನಿಂದ ಬಿಳಿಯಾದಾಗ ಚಿತ್ರ ಹಾಕಿದೆ. ಸಾವಿರಗಟ್ಟಲೆ ಹೃದಯದ ಗುರುತು ಬಿತ್ತು, ಆರ್ಡರು ನಾಲ್ಕು. ಚಿತ್ರವಿಲ್ಲದ "32 ಸೆಂಟ್" ಸಾಲಿಗೆ ಅದಕ್ಕಿಂತ ಹೆಚ್ಚು ಬರುತ್ತದೆ. ಜನವರಿಯಲ್ಲಿ ಏನು ಬರೆಯುವುದು ಎಂದು ಎಲ್ಲರೂ ಕೇಳುತ್ತಾರೆ. "ಸೊನ್ನೆ" ಎಂದು ಬರೆಯುತ್ತೇನೆ. ಒಮ್ಮೆ ಎಂಬತ್ತಕ್ಕೂ ಹೆಚ್ಚು ದಿನ ಸಾಲಾಗಿ ಸೊನ್ನೆ ಬರೆದಿದ್ದೇನೆ, ಅದಕ್ಕೂ "ನಮ್ಮಲ್ಲೂ ಸೊನ್ನೆ" ಎಂದು ಉತ್ತರಿಸುವವರಿದ್ದಾರೆ.

ಟ್ವಿಟರ್‌ನಂಥದ್ದೇ ಆದ ಕೂ ಎಂಬ ಬೆಂಗಳೂರಿನ ಹಳದಿ ಹಕ್ಕಿಯಲ್ಲೂ 2021ರಲ್ಲಿ ಗೂಡು ಕಟ್ಟಿದೆ. ಅಲ್ಲಿ 400 ಅಕ್ಷರಗಳಿಗೆ ಜಾಗವಿತ್ತು, ಕನ್ನಡದವರೇ ಹೆಚ್ಚು ಸಿಗುತ್ತಿದ್ದರು, ತಿಂಗಳಿಗೆ ಹದಿನೈದು ಕೆ.ಜಿ. ಅಲ್ಲಿಂದಲೇ ಹೋಗುತ್ತಿತ್ತು. 2024ರ ಜುಲೈನಲ್ಲಿ ಅದು ನಿಂತಿತು. ಆ ಗಿರಾಕಿಗಳ ವಿಳಾಸವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳದ ತಪ್ಪು ನನ್ನದೇ. ಎಲ್ಲ ಗಿರಾಕಿಗಳನ್ನೂ ಈಗ ಉದ್ದದ ಲೆಡ್ಜರಿನಲ್ಲಿ ಶಾಯಿಯಲ್ಲಿ ಬರೆಯುತ್ತೇನೆ. ಖಾತೆ ಅಸಲಿ ಎಂದು ತೋರಿಸುತ್ತಿದ್ದ ಟ್ವಿಟರ್‌ನ ನೀಲಿ ಟಿಕ್ ದುಡ್ಡಿಗೆ ಸಿಗುವಂತಾದಾಗ ತಿಂಗಳಿಗೆ 650 ರೂಪಾಯಿಯಂತೆ ನಾಲ್ಕು ತಿಂಗಳು ಕಟ್ಟಿದೆ. 2023ರ ಏಪ್ರಿಲ್‌ನಲ್ಲಿ ಬಚ್ಚನ್ ಅವರದ್ದೇ ನೀಲಿ ಟಿಕ್ ಹೋಗಿ, ಅವರು ಕೈಜೋಡಿಸಿ ಕೇಳಿಕೊಳ್ಳುವ ಧಾಟಿಯಲ್ಲಿ ತಮಾಷೆಯಾಗಿ ಬರೆದರು. ಆಗ ಸ್ವಲ್ಪ ಹೊತ್ತು ಅವರಿಗಿಲ್ಲದ ಟಿಕ್ ನನಗಿತ್ತು. 2,600 ರೂಪಾಯಿಗೆ ಸಿಕ್ಕ ಸಂತೋಷ ಅಷ್ಟೇ. ಕಾಫಿ ಕುಡಿಯುವವರು ಟಿಕ್ ನೋಡಿ ಕುಡಿಯುವುದಿಲ್ಲ.

ಮಾರುವುದು ಯಾವಾಗ ಎಂದರೆ, ತಿಂಗಳ ಮೊದಲ ಶನಿವಾರ ಮಾತ್ರ. "ಪುಡಿ ಹುರಿದಿದ್ದೇವೆ, ಬೇಕಾದವರು ಸಂದೇಶ ಕಳುಹಿಸಿ" ಎಂದು ಒಂದು ಸಾಲು. ಉಳಿದ ದಿನ ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ. ಮೊದಲ ಮುಕ್ಕಾಲು ಗಂಟೆ ಬಂದ ಉತ್ತರಕ್ಕೆಲ್ಲ ಮರುಮಾತು ಬರೆಯುತ್ತೇನೆ. ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬುದರಲ್ಲಿ ಒಂದು ಉಪಾಯವಿದೆ, ಅದನ್ನು ಹೇಳುವುದಿಲ್ಲ. ಪೊಟ್ಟಣದೊಳಗೆ ಒಂದು ಚೀಟಿ ಇಡುತ್ತೇನೆ, ಅದರಲ್ಲಿ ಏನು ಬರೆಯುತ್ತೇನೆಂದೂ ಹೇಳುವುದಿಲ್ಲ. ತರಿಸಿಕೊಂಡು ನೋಡಿ.

ಇನ್ನು ಆ ನಟರ ವಿಷಯ. 2022ರ ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಮರುದಿನ, ಎಂದಿನ ಸಾಲಿನ ಕೆಳಗೆ ಒಂದು ಉತ್ತರ ಬಂತು: "ನನ್ನ ಅಜ್ಜಿಮನೆ ಶೃಂಗೇರಿ ಕಡೆ. ಅಲ್ಲಿ ಈಗ ಮಳೆ ಹೇಳುವವರು ಯಾರೂ ಇಲ್ಲ. ನಿಮ್ಮದನ್ನೇ ದಿನಾ ಓದುತ್ತೇನೆ." ಹೆಸರು ನೋಡಿ ಮಗಳು ಕಿರುಚಿದಳು. ಹಿರಿಯ ನಟರು, ಹೆಸರು ಬರೆಯಲು ಅವರನ್ನು ಕೇಳಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಾಲ್ಕು ವರ್ಷದ ಹಿಂದೆ ನಾನು ಸೆಣಬಿನ ಚೀಲ ಕಳುಹಿಸಿದ ಇಪ್ಪತ್ತೆರಡು ಜನರಲ್ಲಿ ಅವರೂ ಒಬ್ಬರು. ಚೀಲ ಅವರ ಕೈಗೆ ಸೇರಿಯೇ ಇರಲಿಲ್ಲವಂತೆ. ಆ ಉತ್ತರದಲ್ಲಿ ಎರಡು ಕಾಗುಣಿತದ ತಪ್ಪಿದ್ದವು, ಆದ್ದರಿಂದ ಅವರೇ ಬರೆದದ್ದು ಎಂದು ನಂಬಿದೆ. ನಾನು ಪುಡಿಯ ಮಾತೆತ್ತಲಿಲ್ಲ. "ಶೃಂಗೇರಿ ಕಡೆಯವರು ಯಾರಾದರೂ ಇದ್ದರೆ ನಿನ್ನೆಯ ಲೆಕ್ಕ ಹೇಳಿ" ಎಂದಷ್ಟೇ ಬರೆದೆ. ಹತ್ತು ನಿಮಿಷದಲ್ಲಿ ಆರು ಜನ ಹೇಳಿದರು. ನಟರು ಅದನ್ನೆಲ್ಲ ತಮ್ಮ ಲಕ್ಷಾಂತರ ಜನಕ್ಕೆ ಹಂಚಿ, "ಈ ತಾಯಿ ಕಾಫಿಪುಡಿಯನ್ನೂ ಮಾಡುತ್ತಾರಂತೆ" ಎಂದು ಸೇರಿಸಿದರು.

ಎರಡು ದಿನದಲ್ಲಿ ಮುನ್ನೂರು ಚಿಲ್ಲರೆ ಆರ್ಡರ್ ಬಂದವು. ಅದನ್ನು ಅದೃಷ್ಟ ಎನ್ನುವವರು ಆ ವಾರ ನಮ್ಮ ಶೆಡ್ಡಿಗೆ ಬಂದಿರಬೇಕಿತ್ತು. ಹುರಿದದ್ದು ಇದ್ದದ್ದು ಎಪ್ಪತ್ತು ಕೆ.ಜಿ. ನೂರು ಕೆ.ಜಿ. ಬೀಜ ಹುರಿದರೆ ಎಂಬತ್ತೆರಡು, ಎಂಬತ್ಮೂರು ಕೆ.ಜಿ. ಉಳಿಯುತ್ತದೆ, ಒಂದು ಸಲಕ್ಕೆ ಯಂತ್ರದಲ್ಲಿ ಹಿಡಿಸುವುದು ಐದೇ ಕೆ.ಜಿ. ರಾತ್ರಿ ಎರಡು ಗಂಟೆಗೆ ತೂಕಡಿಸಿ ಎರಡು ಸಲದ ಬೀಜ ಕರಕು ಮಾಡಿದೆ. ಅವಸರದಲ್ಲಿ ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿದ್ದರಿಂದ ಮೂವತ್ತರಷ್ಟು ಪೊಟ್ಟಣಗಳು ದಾರಿಯಲ್ಲೇ ಉಬ್ಬಿ ಒಡೆದವು. ಒಂಬತ್ತು ಸಾವಿರ ರೂಪಾಯಿ ಹಿಂತಿರುಗಿಸಿದೆ, ಕ್ಷಮೆ ಕೇಳಿ ಬರೆದೆ, ಒಡೆದ ಪೊಟ್ಟಣದ ಚಿತ್ರವನ್ನು ನಾನೇ ಹಾಕಿದೆ. ಆ ತಿಂಗಳು ನಿವ್ವಳ ಲಾಭ ಮೂರೂವರೆ ಸಾವಿರವೋ ಏನೋ. ನಟರ ಕಡೆಯಿಂದ ಬಂದವರಲ್ಲಿ ಮೂರರಲ್ಲಿ ಒಬ್ಬರು ಉಳಿದರು. ಮಳೆ ಹೇಳಲು ಬಂದು ಪುಡಿ ತರಿಸಿಕೊಂಡವರಲ್ಲಿ ಹತ್ತರಲ್ಲಿ ಎಂಟು ಜನ ಇನ್ನೂ ಇದ್ದಾರೆ. ಮತ್ತೊಬ್ಬ ನಟರು ಹೊಗಳಲಿ ಎಂದು ನಾನೀಗ ಹರಕೆ ಹೊರುವುದಿಲ್ಲ. ಹೊಗಳಿದರೆ ಬೇಡ ಎನ್ನುವುದೂ ಇಲ್ಲ.

ಮಾವನ ಕತೆ ಬಾಕಿ ಇತ್ತು. ಮಳೆಯ ಲೆಕ್ಕವನ್ನು ಊರಿಗೆಲ್ಲ ಹಂಚುವುದೆಂದರೆ ಮನೆಯ ಒಡವೆಯನ್ನು ಬೀದಿಯಲ್ಲಿಟ್ಟಂತೆ ಎಂದು ಅವರು ಗೊಣಗುತ್ತಿದ್ದರು. 1983ರಿಂದ ಅವರು ಬರೆದ ಪುಸ್ತಕಗಳಿವೆ, ಒಂದು ದಿನವೂ ಬಿಟ್ಟಿಲ್ಲ. ನಾನು ಒಮ್ಮೆ ಅವರಿಗೆ ಹೇಳದೆ, ಅದೇ ತಾರೀಖಿಗೆ ಮೂವತ್ತು ವರ್ಷದ ಹಿಂದೆ ಎಷ್ಟು ಬಿದ್ದಿತ್ತೆಂದು ಬರೆದೆ. ಬಸರಿಕಟ್ಟೆಯ ಹಿರಿಯರೊಬ್ಬರು "ಇದು ತಪ್ಪು, ಆ ದಿನ ಅಷ್ಟು ಮಳೆಯಿರಲಿಲ್ಲ" ಎಂದು ಉತ್ತರಿಸಿದರು. ಓದಿ ಹೇಳಿದ್ದೇ ತಡ, ಮಾವ ಕನ್ನಡಕ ಹುಡುಕತೊಡಗಿದರು. "ತಪ್ಪು ಎನ್ನುವವರು ಯಾರಮ್ಮಾ ಅದು? ಎಲ್ಲಿ ಒತ್ತಬೇಕು, ತೋರಿಸು." ಆ ಸಂಜೆಯೇ ಖಾತೆ ತೆರೆಸಿಕೊಂಡರು. ಈಗ ಎಂಬತ್ತೊಂದು ವರ್ಷ. ಹಿಂಬಾಲಕರು ಒಂಬೈನೂರು. ಬಸರಿಕಟ್ಟೆಯವರ ಜೊತೆ ಜಗಳ ಇನ್ನೂ ಮುಗಿದಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೂ ಇಲ್ಲ. ಆ ಬಸರಿಕಟ್ಟೆಯವರೇ ನಮ್ಮಿಂದ ತಿಂಗಳಿಗೆ ಒಂದು ಕೆ.ಜಿ. ಪುಡಿ ತರಿಸುತ್ತಾರೆ, ಚಿಕೋರಿ ಇಲ್ಲದ್ದು.

ಸದ್ಯದ ತಲೆನೋವು ಬೆಲೆ. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ಹೊಟ್ಟು ಬಿಡಿಸದ ಕಾಫಿಬೀಜ) ಮೂಟೆಗೆ ಇಪ್ಪತ್ತೈದು ಸಾವಿರ ದಾಟಿದ ಮೇಲೆ ಹುರಿದು ಮಾರುವುದಕ್ಕಿಂತ ಹಾಗೆಯೇ ಕೊಟ್ಟುಬಿಡುವುದು ಲಾಭವಲ್ಲವೇ ಎಂದು ಯಜಮಾನರು ಕೇಳುತ್ತಿದ್ದಾರೆ. ಪುಡಿಯ ದರ ಏರಿಸಿದಾಗ ಇಪ್ಪತ್ತು ಗಿರಾಕಿಗಳು ಬಿಟ್ಟರು. ಅಗ್ಗದ ಕಾಫಿ ತಳಿಯಾದ ರೊಬಸ್ಟಾ ಸ್ವಲ್ಪ ಹೆಚ್ಚಿಸಿ ಹೊಸ ಮಿಶ್ರಣವೊಂದನ್ನು ಮೂರು ವಾರದಿಂದ ಮನೆಯವರಿಗೇ ಹೇಳದೆ ಕುಡಿಸುತ್ತಿದ್ದೇನೆ. ಇಲ್ಲಿಯವರೆಗೆ ಯಾರೂ ಏನೂ ಅಂದಿಲ್ಲ. ಮಾವ ಮಾತ್ರ ನಿನ್ನೆ ಲೋಟ ಕೆಳಗಿಟ್ಟು ಒಂದು ಸಲ ನನ್ನ ಮುಖ ನೋಡಿದರು.